ಬೆಂಗಳೂರಿನಲ್ಲಿ ಕೊಳವೆಬಾವಿ ಕೊರೆಸುವ ಮುನ್ನ: ಪದೇ ಪದೇ ಕೇಳುವ ಪ್ರಶ್ನೆಗಳು

ಬೇಸಿಗೆ ಕಾಲಿಟ್ಟೊಡನೆ ನಮ್ಮ ಬಡಾವಣೆಯ ನೀರಿನ ಸಮಿತಿಗೆ ಬರುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಕೇಳುವವರಲ್ಲಿ ಹಲವರು ಆ ವೇಳೆಗಾಗಲೇ ಯಾರೋ ಏಜೆಂಟರಿಗೆ ಮುಂಗಡ ಕೊಟ್ಟಿರುತ್ತಾರೆ. ಮುಂಗಡ ಕೊಡುವ ಮೊದಲೇ ಕಣ್ಣಿಗೆ ಬೀಳಲಿ ಎಂದು ಎಲ್ಲವನ್ನೂ ಒಂದೆಡೆ ಬರೆದಿಟ್ಟಿದ್ದೇವೆ. ಒಂದು ಕುಟುಂಬದ ವರ್ಷಗಳ ಉಳಿತಾಯ ಒಂದೇ ರಾತ್ರಿಯಲ್ಲಿ ಬಿಳಿ ದೂಳಾಗಿ ಹಾರಿಹೋಗುವುದನ್ನು ನೋಡುವುದು ಸಂಕಟದ ಕೆಲಸ.

ಮನೆಯ ಬೋರ್‌ವೆಲ್ ಬತ್ತಿದೆ. ಹೊಸದು ಕೊರೆಸಲೇಬೇಕೇ?

ಬತ್ತಿರುವುದು ನಿಜವೇ ಎಂದು ಮೊದಲು ಖಚಿತ ಮಾಡಿಕೊಳ್ಳಿ. ಮೋಟಾರ್ ಓಡುತ್ತಿದ್ದೂ ನೀರು ಬಾರದಿರಲು ಬೇರೆ ಕಾರಣಗಳೂ ಇರುತ್ತವೆ: ಪೈಪಿನ ಜೋಡಣೆಯಲ್ಲಿ ಸೋರಿಕೆ, ಸವೆದ ಪಂಪ್, ಕೇಬಲ್ ದೋಷ, ತಳದಲ್ಲಿ ತುಂಬಿದ ಹೂಳು. ಪಂಪ್ ಮೇಲೆತ್ತಿಸಿದಾಗ ಹಗ್ಗಕ್ಕೆ ಭಾರ ಕಟ್ಟಿ ಇಳಿಬಿಟ್ಟು ಎರಡು ಅಳತೆ ತೆಗೆದುಕೊಳ್ಳಿ. ನೀರು ಎಷ್ಟು ಅಡಿಗೆ ಸಿಗುತ್ತದೆ? ತಳ ಎಷ್ಟು ಅಡಿಗೆ ತಾಗುತ್ತದೆ? ಹಳೆಯ ಬಿಲ್ಲಿನಲ್ಲಿ 600 ಅಡಿ ಎಂದಿದ್ದು, ಹಗ್ಗ 480 ಅಡಿಗೇ ನಿಂತರೆ ಒಳಗೆ ಮಣ್ಣೋ ಕಲ್ಲೋ ಕುಸಿದು ಕೂತಿದೆ ಎಂದು ತಿಳಿಯಬೇಕು. ಕಂಪ್ರೆಸರ್ ತರಿಸಿ ಫ್ಲಷಿಂಗ್ ಮಾಡಿಸಿದರೆ, ಅಂದರೆ ಗಾಳಿಯ ಒತ್ತಡದಿಂದ ಒಳಗಿನ ಹೂಳನ್ನು ಊದಿ ತೆಗೆಸಿದರೆ, ಇಂತಹ ಬಾವಿಗಳು ಎಷ್ಟೋ ಸಲ ಮತ್ತೆ ನೀರು ಕೊಡುತ್ತವೆ. ಹೊಸದು ಕೊರೆಸುವ ಖರ್ಚಿನ ಮುಂದೆ ಫ್ಲಷಿಂಗ್ ಖರ್ಚು ಬಹಳ ಸಣ್ಣದು.

ಇನ್ನೊಂದು ಮಾತು. ಕಾವೇರಿ ಐದನೇ ಹಂತ 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾಯಿತು. ದಿನಕ್ಕೆ 775 ದಶಲಕ್ಷ ಲೀಟರ್ ಸಾಮರ್ಥ್ಯದ ಈ ಯೋಜನೆ, ನಗರದ ತೆಕ್ಕೆಗೆ ಸೇರಿದ 110 ಹಳ್ಳಿಗಳನ್ನು ಗಮನದಲ್ಲಿಟ್ಟುಕೊಂಡೇ ರೂಪುಗೊಂಡದ್ದು. ನಿಮ್ಮ ಬೀದಿಗೆ ಕೊಳವೆ ಬಂದಿದ್ದರೆ ಮೊದಲು ಜಲಮಂಡಳಿಯ ಸಂಪರ್ಕಕ್ಕೆ ಅರ್ಜಿ ಹಾಕಿ. ಒಂದು ಮನೆಯ ಬಳಕೆಗೆ ಅದರಷ್ಟು ಭರವಸೆಯ ಮೂಲ ಇನ್ನೊಂದಿಲ್ಲ.

ಬೆಂಗಳೂರಿನ ನೆಲದಡಿ ಇರುವುದು ಏನು?

ಲಾಲ್‌ಬಾಗಿನ ಬಂಡೆಯ ಮೇಲೆ ನಿಂತು ನೋಡಿ. ಕೆಂಪೇಗೌಡ ಗೋಪುರವನ್ನು ಹೊತ್ತ ಆ ಬಂಡೆ ಸುಮಾರು 300 ಕೋಟಿ ವರ್ಷ ಹಳೆಯದು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆ ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿದೆ. ಬಸವನಗುಡಿಯ ಬ್ಯೂಗಲ್ ರಾಕ್ ಕೂಡ ಅದೇ ಜಾತಿಯ ಶಿಲೆ. ಊರಿನ ಬಹುಭಾಗದ ಅಡಿಯಲ್ಲಿ ಹಾಸಿರುವುದು ನೈಸ್ ಮತ್ತು ಗ್ರಾನೈಟ್ ಎಂಬ ಇದೇ ಜಾತಿಯ ಗಟ್ಟಿ ಕಲ್ಲು. ಲಾಲ್‌ಬಾಗಿನಲ್ಲಿ ಅದು ನೆಲದ ಮೇಲೆಯೇ ಕಾಣುತ್ತದೆ. ನಿಮ್ಮ ನಿವೇಶನದಲ್ಲಿ ಮಣ್ಣಿನ ಕೆಳಗೆ ಅಡಗಿದೆ.

ಈ ಕಲ್ಲಿಗೆ ಮರಳಿನ ಹಾಗೆ ನೀರು ಹಿಡಿಯುವ ರಂಧ್ರಗಳಿಲ್ಲ. ಹಾಗಾದರೆ ನೀರು ಇರುವುದೆಲ್ಲಿ? ಎರಡು ಕಡೆ. ಮೇಲ್ಭಾಗದಲ್ಲಿ ಕಲ್ಲು ಲಕ್ಷಾಂತರ ವರ್ಷ ಮಳೆ ಬಿಸಿಲಿಗೆ ಕೊಳೆತು, ಮಣ್ಣೂ ಅಲ್ಲದ ಕಲ್ಲೂ ಅಲ್ಲದ ಪುಡಿಪುಡಿ ಪದರವಾಗಿದೆ. ಇದು ಶಿಥಿಲ ಶಿಲೆ. ಕೆಲವೆಡೆ ಇಪ್ಪತ್ತು ಮೂವತ್ತು ಅಡಿ, ಕೆಲವೆಡೆ ನೂರು ಅಡಿಗೂ ಹೆಚ್ಚು ದಪ್ಪ. ಮಳೆಯ ನೀರನ್ನು ಹಿಡಿದಿಟ್ಟುಕೊಳ್ಳುವ ಶಕ್ತಿ ಇರುವುದು ಮುಖ್ಯವಾಗಿ ಈ ಪದರಕ್ಕೆ. ನಮ್ಮ ಹಿರಿಯರ ತೆರೆದ ಬಾವಿಗಳೆಲ್ಲ ಇದರಲ್ಲೇ ತೋಡಿದವು. ಇದರ ಕೆಳಗೆ ಗಟ್ಟಿ ಬಂಡೆ. ಅದರಲ್ಲಿ ಅಲ್ಲೊಂದು ಇಲ್ಲೊಂದು ಬಿರುಕು. ರಿಗ್ಗಿನವರು, ಅಂದರೆ ಕೊರೆಯುವ ಯಂತ್ರದ ಲಾರಿಯವರು, ‘ಗ್ಯಾಪ್’ ಎನ್ನುವುದು ಈ ಬಿರುಕುಗಳಿಗೇ. ಮೇಲಿನ ಪದರದಲ್ಲಿ ಸಂಗ್ರಹವಾದ ನೀರು ಬಿರುಕಿನಿಂದ ಬಿರುಕಿಗೆ ಇಳಿದು ನಿಮ್ಮ ಕೊಳವೆಯನ್ನು ತಲುಪುತ್ತದೆ. ಇಂತಹ ಬಂಡೆಯ ಒಟ್ಟು ಗಾತ್ರದಲ್ಲಿ ಹೊರತೆಗೆಯಲು ಸಿಗುವ ನೀರು ಸಾಮಾನ್ಯವಾಗಿ ಶೇಕಡ ಒಂದನ್ನೂ ಮುಟ್ಟುವುದಿಲ್ಲ.

ನೆಲದಡಿ ನದಿ ಹರಿಯುತ್ತಿದೆ, ಅದರ ಕವಲು ನಿಮ್ಮ ನಿವೇಶನದಡಿ ಹಾದುಹೋಗಿದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಈ ಬಂಡೆಯೊಳಗೆ ಅಂತಹ ನದಿ ಇಲ್ಲ.

ಊರಿನ ಎತ್ತರವನ್ನೂ ನೆನಪಿಡಬೇಕು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ದಿಬ್ಬದ ಮೇಲಿದೆ. ದಿಬ್ಬದ ಪಶ್ಚಿಮಕ್ಕೆ ಬಿದ್ದ ಮಳೆ ವೃಷಭಾವತಿ ಸೇರಿ ಅರ್ಕಾವತಿಯ ಮೂಲಕ ಕಾವೇರಿಗೆ ಹೋಗುತ್ತದೆ. ಪೂರ್ವದ್ದು ಹೆಬ್ಬಾಳ ಮತ್ತು ಕೋರಮಂಗಲ–ಚಲ್ಲಘಟ್ಟ ಕಣಿವೆಗಳಲ್ಲಿ ಇಳಿದು ದಕ್ಷಿಣ ಪಿನಾಕಿನಿಯ ಕಡೆಗೆ. ಬೇರೆ ಊರಿನಿಂದ ಹರಿದುಬಂದು ನಮ್ಮ ನೆಲವನ್ನು ತುಂಬಿಸುವ ದೊಡ್ಡ ನದಿ ಇಲ್ಲಿಲ್ಲ. ವರ್ಷಕ್ಕೆ ಸುಮಾರು 970 ಮಿಲಿಮೀಟರ್ ಮಳೆ, ಅದನ್ನು ತಡೆದು ನಿಲ್ಲಿಸುವ ಕೆರೆಗಳು, ಸೋರುವ ಕೊಳವೆಗಳ ಮತ್ತು ಚರಂಡಿಗಳ ನೀರು: ಅಂತರ್ಜಲಕ್ಕೆ ಬರುವ ಜಮೆ ಇಷ್ಟೇ. ಕೇಂದ್ರ ಅಂತರ್ಜಲ ಮಂಡಳಿಯ ಲೆಕ್ಕದಲ್ಲಿ ಬೆಂಗಳೂರು ನಗರ ಜಿಲ್ಲೆ ಅತಿಬಳಕೆಯ ಪಟ್ಟಿಯಲ್ಲಿದೆ, ಅಂದರೆ ಇಂಗುವುದಕ್ಕಿಂತ ಹೆಚ್ಚು ನೀರನ್ನು ಎತ್ತುತ್ತಿದ್ದೇವೆ.

ಪಕ್ಕದ ಮನೆಯವರಿಗೆ 350 ಅಡಿಗೇ ನೀರು ಸಿಕ್ಕಿತು. ನಮಗೂ ಸಿಗುತ್ತದೆಯಲ್ಲವೇ?

ಸಿಗಬಹುದು, ಸಿಗದಿರಬಹುದು. ಬಿರುಕುಗಳು ನೇರವಾಗಿಯೂ ಇರುತ್ತವೆ, ಓರೆಯಾಗಿಯೂ ಇರುತ್ತವೆ. ಅವರ ಕೊಳವೆ 350 ಅಡಿಯಲ್ಲಿ ಕತ್ತರಿಸಿದ ಬಿರುಕು ನಿಮ್ಮ ಕಡೆ ಇಳಿಜಾರಾಗಿದ್ದರೆ ನಿಮಗೆ 450ಕ್ಕೆ ಸಿಕ್ಕೀತು. ಆಚೆ ಬದಿಗೆ ವಾಲಿದ್ದರೆ ನಿಮ್ಮ ಕೆಳಗೆ ಅದು ಇರುವುದೇ ಇಲ್ಲ. ನಡುವೆ ಡೈಕ್ ಎದ್ದು ನಿಂತಿರಲೂಬಹುದು. ಡೈಕ್ ಎಂದರೆ ಹಳೆಯ ಬಂಡೆಯನ್ನು ಸೀಳಿಕೊಂಡು ಮೇಲೆದ್ದು ಹೆಪ್ಪುಗಟ್ಟಿದ ಕಪ್ಪು ಕಲ್ಲಿನ ಗೋಡೆ. ಅದು ಒಂದು ಬದಿಯ ನೀರನ್ನು ಇನ್ನೊಂದು ಬದಿಗೆ ಬಿಡದೆ ತಡೆಯಬಲ್ಲದು. ಹಾಗಾಗಿ ಒಂದೇ ಬೀದಿಯ ಎರಡು ಬದಿಯಲ್ಲಿ ಎರಡು ಬಗೆಯ ಭಾಗ್ಯ.

ಆದರೂ ಪಕ್ಕದವರ ಅನುಭವ ಬೆಲೆಬಾಳುವ ಮಾಹಿತಿ. ಒಂದು ಮನೆಯಲ್ಲಿ ಮಾತ್ರ ಕೇಳಬೇಡಿ. ಸುತ್ತಲಿನ ಹತ್ತು ಮನೆಗಳಲ್ಲಿ ಕೇಳಿ. ಕೇಸಿಂಗ್ (ಮೇಲಿನ ಮಣ್ಣು ಕುಸಿಯದಂತೆ ಬಾವಿಗೆ ಇಳಿಸುವ ಪೈಪು) ಎಷ್ಟು ಅಡಿ ಇಳಿಯಿತು, ಮೊದಲ ನೀರು ಎಲ್ಲಿ ಕಂಡಿತು, ಕೊನೆಗೆ ಎಲ್ಲಿ ನಿಲ್ಲಿಸಿದರು, ಯಾವ ವರ್ಷ, ಈಗ ಏಪ್ರಿಲ್‌ನಲ್ಲಿ ನೀರು ಬರುತ್ತದೆಯೇ? ಈ ಐದು ಉತ್ತರಗಳನ್ನು ಬೀದಿಯ ನಕ್ಷೆಯ ಮೇಲೆ ಬರೆದರೆ ನಿಮ್ಮ ನೆಲದ ಸ್ವಭಾವ ತಕ್ಕಮಟ್ಟಿಗೆ ಕಣ್ಣಿಗೆ ಕಾಣುತ್ತದೆ. ವಿಫಲವಾದ ಬಾವಿಗಳ ಬಗ್ಗೆ ಒತ್ತಿ ಕೇಳಬೇಕು. ಸಿಕ್ಕಿದ್ದನ್ನು ಎಲ್ಲರೂ ಹೇಳುತ್ತಾರೆ, ಸಿಗದ್ದನ್ನು ಕೇಳದೆ ಹೇಳುವವರು ಕಡಿಮೆ.

ಹೆಚ್ಚು ಆಳಕ್ಕೆ ಹೋದಷ್ಟೂ ಹೆಚ್ಚು ನೀರು ಎನ್ನುತ್ತಾರೆ. ಹೌದೇ?

ಜನರ ಹಣ ಅತಿ ಹೆಚ್ಚು ಪೋಲಾಗುವುದು ಈ ಒಂದು ನಂಬಿಕೆಯಿಂದ. ಆಳಕ್ಕೆ ಹೋದಂತೆ ಮೇಲಿನ ಬಂಡೆಯ ಭಾರ ಹೆಚ್ಚುತ್ತದೆ, ಬಿರುಕುಗಳು ಬಿಗಿಯುತ್ತವೆ, ಅವುಗಳ ಸಂಖ್ಯೆಯೂ ಕಡಿಮೆಯಾಗುತ್ತದೆ. ಗಟ್ಟಿ ಶಿಲೆಯ ಪ್ರದೇಶಗಳಲ್ಲಿ ಹೆಚ್ಚಿನ ಬಿರುಕುಗಳು ಮೇಲಿನ ಕೆಲವು ನೂರು ಅಡಿಗಳಲ್ಲೇ ಇರುತ್ತವೆ. ಸಾವಿರ ಅಡಿ ದಾಟಿದ ಮೇಲೂ ನೀರು ಸಿಕ್ಕ ಉದಾಹರಣೆ ನಗರದ ಪೂರ್ವ ಭಾಗದಲ್ಲಿ ಬೇಕಾದಷ್ಟಿವೆ, ನಿಜ. ಆದರೆ ಅಷ್ಟು ಆಳದ ಬಿರುಕಿಗೆ ಮಳೆಯ ನೀರು ಇಳಿದು ಸೇರುವುದು ಬಹಳ ನಿಧಾನ. ಸಿಕ್ಕಿದ್ದು ಹಳೆಯ ಕೂಡಿಕೆ. ಎತ್ತಿದಷ್ಟು ಬೇಗ ಅದು ತುಂಬುವುದಿಲ್ಲ. ಎರಡು ಮೂರು ಬೇಸಿಗೆಯಲ್ಲಿ ಕೈಕೊಟ್ಟಾಗ ‘ಇನ್ನೂ ಇನ್ನೂರು ಅಡಿ ಹೋಗಬೇಕಿತ್ತು’ ಎಂಬ ಮಾತು ಬರುತ್ತದೆ.

ಆಳ ಹೆಚ್ಚಿಸಿದರೆ ಸಂಗ್ರಹವಾದರೂ ಹೆಚ್ಚುತ್ತದಲ್ಲ ಎಂದು ಕೇಳುವವರಿದ್ದಾರೆ. ಲೆಕ್ಕ ಹಾಕಿ ನೋಡೋಣ. ಆರೂವರೆ ಇಂಚಿನ ಕೊಳವೆಯಲ್ಲಿ ಒಂದು ಅಡಿಗೆ ಹಿಡಿಯುವ ನೀರು ಸುಮಾರು ಆರೂವರೆ ಲೀಟರ್. ನೂರು ಅಡಿ ಹೆಚ್ಚು ಕೊರೆಸಿದರೆ ನಿಮಗೆ ಸಿಗುವುದು 650 ಲೀಟರಿನ ಜಾಗ. ಚಾವಣಿಯ ಮೇಲೆ ಒಂದು ಸಾಧಾರಣ ಪ್ಲಾಸ್ಟಿಕ್ ಟ್ಯಾಂಕ್ ಇಟ್ಟರೆ ಅದಕ್ಕಿಂತ ಹೆಚ್ಚು ನೀರು ಹಿಡಿಯುತ್ತದೆ, ಖರ್ಚೂ ಕಡಿಮೆ.

ವಿದ್ಯುತ್ತಿನ ಹೊರೆಯೂ ಇದೆ. 900 ಅಡಿಯಿಂದ ಸಾವಿರ ಲೀಟರ್ ಎತ್ತಲು ಸಾಮಾನ್ಯ ಪಂಪಿಗೆ ಎರಡು ಯೂನಿಟ್‌ನಷ್ಟು ಬೇಕು. 200 ಅಡಿಯಿಂದಾದರೆ ಅರ್ಧ ಯೂನಿಟ್ಟೂ ಬೇಡ.

ನಮ್ಮ ಸಲಹೆ: ರಿಗ್ ಬರುವ ಮೊದಲೇ, ತಲೆ ತಣ್ಣಗಿರುವಾಗಲೇ, ಎಷ್ಟು ಅಡಿಗೆ ನಿಲ್ಲಿಸುತ್ತೇವೆಂದು ಮನೆಮಂದಿ ಕೂತು ತೀರ್ಮಾನಿಸಿ ಕಾಗದದ ಮೇಲೆ ಬರೆದಿಡಿ. ರಾತ್ರಿ ಎರಡು ಗಂಟೆಗೆ, ಯಂತ್ರ ಭೋರ್ಗರೆಯುತ್ತಿರುವಾಗ, ‘ಇನ್ನು ಐವತ್ತು ಅಡಿ ಸರ್, ಗ್ಯಾಪ್ ಬಂದೇ ಬರುತ್ತದೆ’ ಎಂದು ಯಾರೋ ಹೇಳಿದರೆ ಬೇಡ ಎನ್ನುವುದು ಬಹಳ ಕಷ್ಟ. ಆಗ ಆ ಕಾಗದ ಸಹಾಯಕ್ಕೆ ಬರುತ್ತದೆ.

ಪಾಯಿಂಟ್ (ಕೊರೆಯುವ ಜಾಗದ ಗುರುತು) ಯಾರಿಂದ ಮಾಡಿಸಬೇಕು? ತೆಂಗಿನಕಾಯಿ, ಬೇವಿನ ಕಡ್ಡಿ ಹಿಡಿಯುವವರನ್ನು ನಂಬಬಹುದೇ?

ಅಂಗೈ ಮೇಲೆ ತೆಂಗಿನಕಾಯಿ ಎದ್ದು ನಿಲ್ಲುವುದಕ್ಕೂ ಐನೂರು ಅಡಿ ಕೆಳಗಿನ ಬಿರುಕಿಗೂ ಸಂಬಂಧವಿದೆ ಎಂಬುದಕ್ಕೆ ವೈಜ್ಞಾನಿಕ ಆಧಾರ ಇಲ್ಲ. ಎಷ್ಟೋ ಹಿರಿಯರಿಗೆ ಊರೂರು ಸುತ್ತಿ, ಮರ, ಹುತ್ತ, ತಗ್ಗು ನೋಡಿ ಗಳಿಸಿದ ನೆಲದ ತಿಳಿವಳಿಕೆ ಇರಬಹುದು. ಅದಕ್ಕೆ ಗೌರವ ಕೊಡೋಣ. ಅದರ ಮೇಲೆ ಎರಡು ಲಕ್ಷ ಹೂಡುವುದು ಬೇಡ.

ಭೂವಿಜ್ಞಾನಿಗಳು ಬಳಸುವುದು ವಿದ್ಯುತ್ ರೋಧ ಸಮೀಕ್ಷೆ. ನೆಲಕ್ಕೆ ಕಬ್ಬಿಣದ ಗೂಟಗಳನ್ನು ನೆಟ್ಟು ವಿದ್ಯುತ್ ಹಾಯಿಸಿ, ಕೆಳಗಿನ ಪದರಗಳು ಅದನ್ನು ಎಷ್ಟು ತಡೆಯುತ್ತವೆ ಎಂದು ಅಳೆಯುತ್ತಾರೆ. ಒಣ ಗಟ್ಟಿ ಬಂಡೆ ಹೆಚ್ಚು ತಡೆಯುತ್ತದೆ. ನೀರಿರುವ ಶಿಥಿಲ ಪದರ ಕಡಿಮೆ. ವಿಧಾನ ಒಳ್ಳೆಯದು, ಆದರೆ ಆಳ ನೋಡಬೇಕಾದಷ್ಟೂ ಗೂಟಗಳನ್ನು ದೂರ ದೂರ ನೆಡಬೇಕು. ಮುನ್ನೂರು ಅಡಿ ಆಳದ ಚಿತ್ರ ಬೇಕಾದರೆ ನೆಲದ ಮೇಲೆ ಅದರ ಎರಡು ಮೂರು ಪಟ್ಟು ಉದ್ದದ ನೇರ ಜಾಗ ಬೇಕು. 30×40 ನಿವೇಶನದಲ್ಲಿ ಆ ಜಾಗ ಎಲ್ಲಿದೆ? ಜೊತೆಗೆ ಬೀದಿಯಡಿ ಹೂತ ಕೇಬಲ್, ಕಬ್ಬಿಣದ ಪೈಪುಗಳು ಅಳತೆಯನ್ನು ಕೆಡಿಸುತ್ತವೆ. ದೇವನಹಳ್ಳಿ, ಆನೇಕಲ್ ಕಡೆಯ ತೋಟಕ್ಕೆ ಈ ಸಮೀಕ್ಷೆ ಮಾಡಿಸಿ. ಜಯನಗರದ ಮನೆಯ ಹಿತ್ತಲಿಗೆ ಸಣ್ಣ ಪೆಟ್ಟಿಗೆ ಹಿಡಿದು ಬಂದು ಹತ್ತು ನಿಮಿಷದಲ್ಲಿ ‘1,100 ಅಡಿಯಲ್ಲಿ ಮೂರು ಇಂಚು’ ಎಂದು ಬರೆದುಕೊಡುವವರಿಂದ ದೂರವಿರಿ. ಆ ಆಳದಲ್ಲಿ ಎಷ್ಟು ಇಂಚು ನೀರಿದೆ (ಈ ಇಂಚಿನ ಲೆಕ್ಕ ಮುಂದೆ ಬರುತ್ತದೆ) ಎಂದು ಮೇಲಿನಿಂದ ಹೇಳಬಲ್ಲ ಯಂತ್ರ ಇಲ್ಲ.

ಚಿಕ್ಕ ನಿವೇಶನದಲ್ಲಿ ಪಾಯಿಂಟ್ ಆರಿಸುವಾಗ ನೋಡಬೇಕಾದದ್ದು ಬೇರೆಯೇ. ಶೌಚ ಗುಂಡಿ, ಒಳಚರಂಡಿ ಮ್ಯಾನ್‌ಹೋಲ್‌ಗಳಿಂದ ಸಾಧ್ಯವಾದಷ್ಟು ದೂರ ಇರಲಿ. ಮುಂದೆ ಪಂಪ್ ಎತ್ತಲು ವಾಹನ ಬರುವಂತಿರಲಿ. ಮೇಲೆ ವಿದ್ಯುತ್ ತಂತಿ ಇರಬಾರದು, ಏಕೆಂದರೆ ರಿಗ್ಗಿನ ಕಂಬ ಎದ್ದು ನಿಲ್ಲುತ್ತದೆ.

ಅನುಮತಿ ಬೇಕೇ?

ಬೇಕು. ಕರ್ನಾಟಕ ಅಂತರ್ಜಲ ಕಾಯ್ದೆ, 2011ರ ಪ್ರಕಾರ ಅಧಿಸೂಚಿತ ಪ್ರದೇಶಗಳಲ್ಲಿ ಪರವಾನಗಿ ಇಲ್ಲದೆ ಬಾವಿ ಕೊರೆಸುವಂತಿಲ್ಲ, ಕೊರೆಯುವ ಸಂಸ್ಥೆಯೂ ನೋಂದಾಯಿಸಿರಬೇಕು. 2024ರ ಬೇಸಿಗೆಯಲ್ಲಿ ಸರ್ಕಾರದ ಸುಮಾರು 13,900 ಕೊಳವೆಬಾವಿಗಳ ಪೈಕಿ 6,900 ಬತ್ತಿದ್ದಾಗ, ಅನುಮತಿಯಿಲ್ಲದೆ ಕೊರೆಯುವುದನ್ನು ಮಾರ್ಚ್ ತಿಂಗಳಿನಿಂದ ಜಲಮಂಡಳಿ ನಿಷೇಧಿಸಿತು. ನಗರದೊಳಗೆ ಅರ್ಜಿ ಹಾಕಬೇಕಾದದ್ದು ಜಲಮಂಡಳಿಗೆ. ‘ಅದೆಲ್ಲ ನಾವು ನೋಡಿಕೊಳ್ಳುತ್ತೇವೆ’ ಎನ್ನುವ ಏಜೆಂಟರ ಮಾತಿಗೆ ತಲೆಯಾಡಿಸಬೇಡಿ. ಅನುಮತಿ ಪತ್ರ ನಿಮ್ಮ ಹೆಸರಿನಲ್ಲಿ, ನಿಮ್ಮ ಕೈಯಲ್ಲಿ ಇರಬೇಕು.

ರಿಗ್‌ನವರನ್ನು ಆರಿಸುವುದು ಹೇಗೆ?

ಬೆಂಗಳೂರಿನಲ್ಲಿ ನಿಮಗೆ ಫೋನಿನಲ್ಲಿ ಸಿಗುವವರಲ್ಲಿ ಹೆಚ್ಚಿನವರು ಏಜೆಂಟರು. ಲಾರಿಯ ಮಾಲೀಕರು ಬೇರೆ. ಇಲ್ಲಿ ಓಡಾಡುವ ಎಷ್ಟೋ ರಿಗ್‌ಗಳು ತಮಿಳುನಾಡಿನ ತಿರುಚೆಂಗೋಡಿನವು. ರಿಗ್ ಉದ್ಯಮಕ್ಕೆ ಆ ಊರು ದೇಶದಲ್ಲೇ ಹೆಸರುವಾಸಿ. ಕೆಲಸಗಾರರು ನುರಿತವರು, ಅದರಲ್ಲಿ ಅನುಮಾನವಿಲ್ಲ. ತೊಂದರೆ ಬರುವುದು ನಡುವಿನ ಮಾತುಕತೆಯಲ್ಲಿ: ಏಜೆಂಟರು ಒಪ್ಪಿದ್ದು ರಿಗ್ಗಿನವರಿಗೆ ತಿಳಿದಿರುವುದಿಲ್ಲ, ಅಥವಾ ತಿಳಿದಿಲ್ಲ ಎನ್ನುತ್ತಾರೆ.

ಆದ್ದರಿಂದ ಎಲ್ಲವೂ ಬರಹದಲ್ಲಿರಲಿ. ನೋಂದಣಿ ಸಂಖ್ಯೆ, ಕೊರೆಯುವ ವ್ಯಾಸ, ಅಡಿಯ ದರ ಮತ್ತು ಅದು ಏರುವ ಹಂತಗಳು, ಕೇಸಿಂಗ್ ಪೈಪಿನ ದರ, ದಪ್ಪ ಮತ್ತು ಕಂಪನಿ, ಫ್ಲಷಿಂಗ್ ಸೇರಿದೆಯೇ, ಮಣ್ಣು ಕುಸಿದರೆ ಅಥವಾ ಬಿಟ್ (ಕಲ್ಲು ಕೊರೆಯುವ ತುದಿ) ಒಳಗೆ ಸಿಕ್ಕಿಕೊಂಡರೆ ಯಾರ ಹೊಣೆ, ತೆರಿಗೆ ಸೇರಿದ ಬಿಲ್ ಕೊಡುತ್ತಾರೆಯೇ. ಬಿಟ್ ಸಿಕ್ಕಿಕೊಂಡ ಪ್ರಶ್ನೆಯನ್ನು ಯಾರೂ ಮೊದಲೇ ಕೇಳುವುದಿಲ್ಲ, ಜಗಳ ಹೆಚ್ಚು ನಡೆಯುವುದು ಅದಕ್ಕೇ. ನಿಮ್ಮ ಬಡಾವಣೆಯಲ್ಲೇ ಕಳೆದ ಒಂದೆರಡು ವರ್ಷದಲ್ಲಿ ಅವರು ಕೊರೆದ ಬಾವಿಗಳ ವಿಳಾಸ ಕೇಳಿ, ಹೋಗಿ ಮಾತಾಡಿ. ನೀರು ಸಿಗದ ಮನೆಯವರೂ ‘ಲೆಕ್ಕ ಸರಿಯಾಗಿ ಕೊಟ್ಟರು’ ಎಂದರೆ ಆ ರಿಗ್ಗಿನವರನ್ನು ಕರೆಸಬಹುದು. ನೀರಿನ ಖಾತರಿ ಕೊಡುತ್ತೇವೆ ಎನ್ನುವವರನ್ನು ಮಾತ್ರ ಬಾಗಿಲಲ್ಲೇ ಕಳುಹಿಸಿ.

ಅಡಿಗೆ ಇಷ್ಟು ಎಂದು ಹೇಳಿದ್ದರು, ಬಿಲ್ ಅದಕ್ಕಿಂತ ಬಹಳ ಹೆಚ್ಚು ಬಂತು. ಏಕೆ?

ಅವರು ಹೇಳಿದ್ದು ಮೊದಲ 300 ಅಡಿಯ ದರ. ಆಮೇಲೆ ಪ್ರತಿ ನೂರು ಅಡಿಗೂ ದರ ಏರುತ್ತದೆ. ಕೇವಲ ಲೆಕ್ಕ ತಿಳಿಯಲೆಂದು, ಮೊದಲ 300 ಅಡಿಗೆ 100 ರೂಪಾಯಿ, ಆಮೇಲೆ ಪ್ರತಿ ನೂರು ಅಡಿಗೆ 10 ರೂಪಾಯಿ ಏರಿಕೆ ಎಂದಿಟ್ಟುಕೊಳ್ಳಿ. ಸಾವಿರ ಅಡಿಗೆ ಒಂದು ಲಕ್ಷ ಎಂದು ನೀವು ಅಂದುಕೊಂಡಿರುತ್ತೀರಿ, ಆಗುವುದು 1,28,000. ನಿಜ ಜೀವನದಲ್ಲಿ ಆಳಕ್ಕೆ ಹೋದಂತೆ ಏರಿಕೆ ಇನ್ನೂ ಕಡಿದಾಗಿರಬಹುದು. ಇದರ ಮೇಲೆ ಕೇಸಿಂಗ್, ಆಮೇಲೆ ಪಂಪ್, ಕೇಬಲ್, ಪೈಪ್, ಪ್ಯಾನೆಲ್. ಕೊರೆಯುವ ಖರ್ಚಿನಷ್ಟೇ ಮತ್ತೊಂದು ಖರ್ಚು ಕಾದಿದೆ ಎಂದು ಎಣಿಸಿಯೇ ಕೈಹಾಕಿ. ದರಗಳು ಡೀಸೆಲ್ ಬೆಲೆಯೊಂದಿಗೆ, ಬೇಸಿಗೆಯ ಬೇಡಿಕೆಯೊಂದಿಗೆ ಬದಲಾಗುತ್ತವೆ. ಆ ವಾರದಲ್ಲಿ ಮೂವರಿಂದ ದರಪಟ್ಟಿ ತರಿಸುವುದೇ ದಾರಿ.

ಕೊರೆಯುವ ದಿನ ನಾವು ಅಲ್ಲಿ ಇದ್ದು ಮಾಡುವುದೇನಿದೆ?

ಬಹಳ ಇದೆ. ಯಾರಾದರೊಬ್ಬರು ನೋಟ್‌ಬುಕ್, ಟೇಪು, ಬಕೆಟ್ ಹಿಡಿದು ಮೊದಲಿನಿಂದ ಕೊನೆಯವರೆಗೆ ಪಕ್ಕದಲ್ಲೇ ಇರಬೇಕು.

ಮೊದಲು ಒಂದು ರಾಡ್ (ಒಂದಕ್ಕೊಂದು ಜೋಡಿಸಿ ಬಾವಿಗೆ ಇಳಿಸುವ ಕೊರೆಯುವ ಸಲಾಕೆ) ಅಳೆಯಿರಿ. ಸಾಮಾನ್ಯವಾಗಿ 20 ಅಡಿ ಇರುತ್ತದೆ, ಆದರೆ ಅಳೆದೇ ನಂಬಿ. ಬಿಟ್ಟಿನ ಅಗಲವನ್ನೂ ಅಳೆಯಿರಿ. ಪ್ರತಿ ರಾಡ್ ಇಳಿದಾಗ ಒಂದು ಗೀಟು ಎಳೆಯಿರಿ. ಆಳದ ಲೆಕ್ಕಕ್ಕೆ ಇದಕ್ಕಿಂತ ಗಟ್ಟಿ ದಾಖಲೆ ಇಲ್ಲ. ಕೊನೆಯಲ್ಲಿ ರಾಡ್‌ಗಳನ್ನು ಮೇಲೆತ್ತುವಾಗ ಮತ್ತೊಮ್ಮೆ ಎಣಿಸಿ. ಎರಡೂ ಸಂಖ್ಯೆ ಹೊಂದಬೇಕು.

ಆಮೇಲೆ ಹೊರಬರುವ ಪುಡಿಯನ್ನು ನೋಡುತ್ತಿರಿ. ಪ್ರತಿ ರಾಡ್‌ಗೆ ಒಂದು ಹಿಡಿಯಷ್ಟು ತೆಗೆದು, ಅಡಿಯ ಸಂಖ್ಯೆ ಬರೆದ ಕಾಗದದ ಮೇಲೆ ಸಾಲಾಗಿ ಗುಡ್ಡೆ ಹಾಕಿ. ಮೊದಲು ಕೆಂಪು ಮಣ್ಣು, ಆಮೇಲೆ ಹಳದಿ ಅಥವಾ ಕಂದು ಬಣ್ಣದ ಗರಸು. ಇದು ಶಿಥಿಲ ಪದರ. ಗಟ್ಟಿ ಬಂಡೆ ಮುಟ್ಟಿದ ಕೂಡಲೇ ಬಣ್ಣ ಬೂದು ಬಿಳಿಗೆ ತಿರುಗುತ್ತದೆ, ದೂಳು ಮೋಡದಂತೆ ಏಳುತ್ತದೆ. ಯಂತ್ರದ ಸುತ್ತಿಗೆಯ ಸದ್ದೂ ಬದಲಾಗುತ್ತದೆ. ಆ ಬಿಳಿ ಪುಡಿಯ ನಡುವೆ ಇದ್ದಕ್ಕಿದ್ದಂತೆ ತುಕ್ಕಿನ ಬಣ್ಣ ಹಚ್ಚಿದ ಚೂರುಗಳು ಬಂದರೆ ಎಚ್ಚರಗೊಳ್ಳಿ: ಆ ಕಲ್ಲಿನ ಮುಖವನ್ನು ನೀರು ಎಂದೋ ಮುಟ್ಟಿದೆ, ಅಲ್ಲಿ ಬಿರುಕು ಇದೆ. ದೂಳು ಅಡಗಿ ಕೆಸರಾದರೆ ತೇವ ಸಿಕ್ಕಿದೆ. ರಾಡ್ ಸರಕ್ಕನೆ ಅರ್ಧ ಅಡಿ ಇಳಿದರೆ ಅದೇ ಗ್ಯಾಪ್. ನುಣುಪಾದ ಕಪ್ಪು ಪುಡಿ ಬಹಳ ಹೊತ್ತು ಬರುತ್ತಿದ್ದರೆ ಡೈಕ್ ಇರಬಹುದು. ಇನ್ನೂರು ಮುನ್ನೂರು ಅಡಿ ಒಂದೇ ಸಮನೆ ಒಣ ಬಿಳಿ ದೂಳು, ಒಂದೂ ಕಲೆಯಿಲ್ಲ ಎಂದಾದರೆ ನಿಲ್ಲಿಸುವ ಯೋಚನೆ ಮಾಡುವ ಹೊತ್ತು ಬಂದಿದೆ.

ಈ ಪುಡಿಯ ಸಾಲಿನ ಫೋಟೊ, ಗೀಟುಗಳ ಹಾಳೆ, ನೀರು ಕಂಡ ಆಳಗಳು, ಎಲ್ಲವನ್ನೂ ಜೋಪಾನವಾಗಿ ಇಡಿ. ಹತ್ತು ವರ್ಷದ ನಂತರ ಪಂಪ್ ಎಲ್ಲಿಗೆ ಇಳಿಸಬೇಕೆಂಬ ಪ್ರಶ್ನೆ ಬಂದಾಗ ನಿಮ್ಮ ಮಕ್ಕಳು ಅದಕ್ಕೆ ಕೃತಜ್ಞರಾಗಿರುತ್ತಾರೆ.

ನೆರೆಹೊರೆಯವರಿಗೆ ಮೊದಲೇ ತಿಳಿಸಿ. ಸದ್ದು ಸಹಿಸಲಾಗದಷ್ಟಿರುತ್ತದೆ, ದೂಳು ಮನೆಯೊಳಗೆ ನುಗ್ಗುತ್ತದೆ. ಪಕ್ಕದಲ್ಲಿ ಆಸ್ತಮಾ ಇರುವ ಅಜ್ಜನೋ ಹಸುಗೂಸೋ ಇರಬಹುದು. ದೂಳಿನ ಮೇಲೆ ನೀರು ಹಾಯಿಸಲು ಹೇಳಿ. ಕೆಸರನ್ನು ಮಳೆನೀರಿನ ಚರಂಡಿಗೆ ಬಿಡಲು ಒಪ್ಪಬೇಡಿ, ಅದು ಗಟ್ಟಿಯಾಗಿ ಕೂತರೆ ಮುಂದಿನ ಮಳೆಗೆ ಇಡೀ ಬೀದಿ ಮುಳುಗುತ್ತದೆ.

ಕೇಸಿಂಗ್ ಎಷ್ಟು ಅಡಿ ಹಾಕಿಸಬೇಕು?

ಮಣ್ಣು ಮತ್ತು ಶಿಥಿಲ ಪದರ ಮುಗಿದು, ಗಟ್ಟಿ ಬಂಡೆಯೊಳಗೆ ಕೆಲವು ಅಡಿ ಬಿಗಿಯಾಗಿ ಕೂರುವವರೆಗೆ. ಕಡಿಮೆ ಹಾಕಿದರೆ ಮಣ್ಣು ಕುಸಿಯುತ್ತದೆ, ಪಂಪ್ ಒಳಗೆ ಹೂತುಹೋಗಬಹುದು. ಇಳಿಸಿದ ಪೈಪುಗಳನ್ನೂ ಎಣಿಸಿ. 80 ಅಡಿ ಇಳಿಸಿ 120 ಅಡಿಗೆ ಬಿಲ್ ಮಾಡಿದ ದೂರುಗಳು ನಮಗೆ ಬಂದಿವೆ.

ಬೆಂಗಳೂರಿನಲ್ಲಿ ಇದಕ್ಕಿಂತ ಮುಖ್ಯವಾದ ಕಾರಣವೊಂದಿದೆ. ಊರಿನ ಮೇಲ್ಪದರದಲ್ಲಿ ಸೋರಿದ ಕೊಳಚೆ ಸೇರಿಕೊಂಡಿದೆ. ಕೇಸಿಂಗ್ ಪೈಪಿನ ಹೊರಮೈಗೂ ಕೊರೆದ ಮಣ್ಣಿನ ಗೋಡೆಗೂ ನಡುವೆ ಸಂದು ಬಿಟ್ಟರೆ ಆ ಕೊಳಚೆ ಅದೇ ದಾರಿಯಲ್ಲಿ ಇಳಿದು ನಿಮ್ಮ ನೀರಿಗೆ ಸೇರುತ್ತದೆ. ಆ ಸಂದನ್ನು ಸಿಮೆಂಟ್ ಗಾರೆಯಿಂದ ಮುಚ್ಚಿಸಬೇಕು. ರಿಗ್ಗಿನವರು ಸಾಮಾನ್ಯವಾಗಿ ಮಣ್ಣು ತುಂಬಿ ಹೊರಟುಬಿಡುತ್ತಾರೆ. ಇದನ್ನು ಕರಾರಿನಲ್ಲೇ ಬರೆಸಿ, ಎದುರಿಗೆ ನಿಂತು ಮಾಡಿಸಿ.

‘ಎರಡು ಇಂಚು ನೀರು’ ಎಂದರೆ ಎಷ್ಟು ಲೀಟರ್?

ಹೊರಬರುವ ನೀರಿಗೆ ಮಣ್ಣಿನ ಕಟ್ಟೆ ಕಟ್ಟಿ, ವಿ ಆಕಾರದಲ್ಲಿ ಕತ್ತರಿಸಿದ ತಗಡನ್ನು ಅಡ್ಡ ಇಟ್ಟು, ಆ ಕೊರಕಲಿನಲ್ಲಿ ನೀರು ಎಷ್ಟು ಇಂಚು ಎತ್ತರಕ್ಕೆ ಹರಿಯುತ್ತದೆ ಎಂದು ನೋಡುವ ಅಳತೆ ಇದು. 90 ಡಿಗ್ರಿ ಕೊರಕಲಿನಲ್ಲಿ ಒಂದು ಇಂಚು ಎಂದರೆ ಗಂಟೆಗೆ ಸುಮಾರು 500 ಲೀಟರ್. ಎರಡು ಇಂಚು ಅದರ ಎರಡರಷ್ಟು ಎಂದುಕೊಂಡರೆ ತಪ್ಪಾಗುತ್ತದೆ: ಅದು ಸುಮಾರು 2,900 ಲೀಟರ್. ಮೂರು ಇಂಚಾದರೆ 8,000ದ ಹತ್ತಿರ. ಆದ್ದರಿಂದ ‘ಒಂದೂವರೆಯೋ ಎರಡೋ ಬಂತು ಸರ್’ ಎಂಬ ಮಾತಿನಲ್ಲಿ ಅಡಗಿರುವ ವ್ಯತ್ಯಾಸ ಸಣ್ಣದಲ್ಲ. 20 ಲೀಟರ್ ಬಕೆಟ್ ಎಷ್ಟು ಸೆಕೆಂಡಿಗೆ ತುಂಬುತ್ತದೆ ಎಂದು ಮೊಬೈಲಿನಲ್ಲಿ ನೋಡಿದರೆ ನಿಮ್ಮದೇ ಲೆಕ್ಕ ಸಿಗುತ್ತದೆ. ಅದೂ ಕಂಪ್ರೆಸರ್ ಊದುವಾಗಿನ ಹೊತ್ತಿನ ನೀರು; ನಿಜವಾದ ಇಳುವರಿ ತಿಳಿಯಲು ಆಮೇಲೆ ಕೆಲವು ಗಂಟೆ ಪಂಪ್ ಓಡಿಸಿ, ನೀರಿನ ಮಟ್ಟ ಎಷ್ಟು ಇಳಿಯಿತು, ನಿಲ್ಲಿಸಿದ ಮೇಲೆ ಎಷ್ಟು ಬೇಗ ಮೇಲೆದ್ದಿತು ಎಂದು ನೋಡಬೇಕು.

ಒಂದು ಇಂಚು ಸಿಕ್ಕಿತೆಂದು ಪೆಚ್ಚಾಗುವವರಿಗೆ: ತಲೆಗೆ ದಿನಕ್ಕೆ 135 ಲೀಟರ್ ಎಂಬ ಮಾನದಂಡದಲ್ಲಿ ನಾಲ್ವರ ಮನೆಗೆ ಬೇಕಾದದ್ದು 540 ಲೀಟರ್. ಒಂದು ಇಂಚಿನ ಬಾವಿ ಅದನ್ನು ಒಂದು ಗಂಟೆ ಚಿಲ್ಲರೆಯಲ್ಲಿ ಕೊಡುತ್ತದೆ. ಸಣ್ಣ ಪಂಪ್, ಒಂದು ಟೈಮರ್, ಒಂದು ಸಂಪು ಇದ್ದರೆ ಸಾಕು. ಸಿಕ್ಕಿದ್ದನ್ನು ಬಿಟ್ಟು ಮೂರು ಇಂಚಿನ ಆಸೆಗೆ ಇನ್ನೂ ಐನೂರು ಅಡಿ ಇಳಿಯಬೇಡಿ.

ಯಾವ ತಿಂಗಳಲ್ಲಿ ಕೊರೆಸುವುದು ಒಳ್ಳೆಯದು?

ಏಪ್ರಿಲ್, ಮೇ. ನೀರಿನ ಮಟ್ಟ ಅತಿ ಕೆಳಗಿರುವಾಗ ಸಿಕ್ಕಿದ ನೀರು ಮೋಸ ಮಾಡುವುದಿಲ್ಲ. ಅಕ್ಟೋಬರ್‌ನಲ್ಲಿ ಕಂಡ ಎರಡು ಇಂಚು ಏಪ್ರಿಲ್‌ಗೆ ಅರ್ಧ ಇಂಚಾಗಬಹುದು. ಬೇಸಿಗೆಯಲ್ಲಿ ದರ ಹೆಚ್ಚು, ರಿಗ್ ಸಿಗುವುದೂ ಕಷ್ಟ. ಆದರೂ ಇದೇ ಲೇಸು.

ನೀರು ಬರಲಿಲ್ಲ. ಆ ಗುಂಡಿಯನ್ನು ಏನು ಮಾಡುವುದು?

ಅಂದೇ ಮುಚ್ಚಬೇಕು. ನಾಳೆ ಎನ್ನಬೇಡಿ. 2024ರ ಏಪ್ರಿಲ್‌ನಲ್ಲಿ ವಿಜಯಪುರ ಜಿಲ್ಲೆಯ ಲಚ್ಯಾಣದಲ್ಲಿ ಕೊಳವೆಬಾವಿಗೆ ಬಿದ್ದ ಪುಟ್ಟ ಮಗುವನ್ನು ಜೀವಂತ ಮೇಲೆತ್ತುವವರೆಗೆ ಇಡೀ ನಾಡು ಉಸಿರು ಬಿಗಿಹಿಡಿದಿತ್ತು. ಎಲ್ಲ ಮಕ್ಕಳೂ ಅಷ್ಟು ಅದೃಷ್ಟವಂತರಾಗಿರಲಿಲ್ಲ. ಸುಪ್ರೀಂ ಕೋರ್ಟ್ 2010ರಲ್ಲೇ ಸ್ಪಷ್ಟ ಸೂಚನೆ ಕೊಟ್ಟಿದೆ: ಕೊರೆಯುವಾಗ ಸುತ್ತ ಬೇಲಿ ಮತ್ತು ಫಲಕ, ಕೇಸಿಂಗ್ ಸುತ್ತ ಸಿಮೆಂಟ್ ಕಟ್ಟೆ, ಬಾಯಿಗೆ ಬೆಸುಗೆ ಹಾಕಿದ ಉಕ್ಕಿನ ತಟ್ಟೆ ಅಥವಾ ಬೋಲ್ಟ್ ಹಾಕಿದ ಗಟ್ಟಿ ಮುಚ್ಚಳ, ಕೈಬಿಟ್ಟ ಬಾವಿಯನ್ನು ತಳದಿಂದ ನೆಲಮಟ್ಟದವರೆಗೆ ಮಣ್ಣು, ಮರಳು, ಕಲ್ಲಿನಿಂದ ತುಂಬುವುದು. ಗೋಣಿಚೀಲ ಮುಚ್ಚಿ ಮೇಲೊಂದು ಕಲ್ಲಿಡುವುದು ಮುಚ್ಚಳವಲ್ಲ. ಪಂಪ್ ಎತ್ತಿಸಿ ಎರಡು ದಿನ ಬಾಯಿ ತೆರೆದಿರುವ ಚಾಲ್ತಿ ಬಾವಿಗೂ ಇದೇ ಎಚ್ಚರ ಬೇಕು.

ನೀರು ಕುಡಿಯಬಹುದೇ?

ಪರೀಕ್ಷೆ ಮಾಡಿಸುವವರೆಗೆ ಕುಡಿಯಬೇಡಿ. ತಿಳಿಯಾಗಿ ಕಂಡರೆ ಶುದ್ಧ ಎಂದಲ್ಲ. ನಮ್ಮಲ್ಲಿ ಮುಖ್ಯವಾಗಿ ನೋಡಬೇಕಾದದ್ದು ನೈಟ್ರೇಟ್: ಭಾರತೀಯ ಮಾನಕದ ಮಿತಿ ಲೀಟರಿಗೆ 45 ಮಿಲಿಗ್ರಾಂ. ಮಿತಿ ದಾಟಿದ್ದರೆ ಕೊಳಚೆ ಸೇರಿರುವ ಸಂಭವ ಹೆಚ್ಚು, ಹಸುಗೂಸುಗಳಿಗೆ ಅಪಾಯ. ಕಾಯಿಸಿದರೆ ನೈಟ್ರೇಟ್ ಹೋಗುವುದಿಲ್ಲ. ಫ್ಲೋರೈಡ್ 1.5 ಮಿಲಿಗ್ರಾಂ ಮೀರಬಾರದು; ಅದು ಗ್ರಾನೈಟ್ ಜಾತಿಯ ಕಲ್ಲಿನಿಂದಲೇ ಕರಗಿ ಬರುತ್ತದೆ. ಇ. ಕೋಲಿ ಬ್ಯಾಕ್ಟೀರಿಯಾ 100 ಮಿಲಿಲೀಟರಿನಲ್ಲಿ ಒಂದೂ ಇರಬಾರದು. ಗಡಸುತನ ಹೆಚ್ಚಿದ್ದರೆ ಗೀಜರ್ ಹಾಳಾಗುತ್ತದೆ, ಬೇಳೆ ಬೇಯುವುದಿಲ್ಲ. ಮಾನ್ಯತೆ ಪಡೆದ ಪ್ರಯೋಗಾಲಯದಲ್ಲಿ ವರ್ಷಕ್ಕೊಮ್ಮೆ, ಸಾಧ್ಯವಾದರೆ ಮಳೆಗಾಲದ ಮೊದಲೂ ನಂತರವೂ ಪರೀಕ್ಷಿಸಿ.

ಬಾವಿ ಬತ್ತದಂತೆ ನಾವು ಮಾಡಬಹುದಾದದ್ದು ಏನಾದರೂ ಇದೆಯೇ?

ಇದೆ, ಅದು ಕಾನೂನು ಕೂಡ ಹೌದು. ಜಲಮಂಡಳಿ ಕಾಯ್ದೆಗೆ 2009ರಲ್ಲಿ ಆದ ತಿದ್ದುಪಡಿಯಿಂದ ನಗರದಲ್ಲಿ ನಿಗದಿತ ಅಳತೆಯ ನಿವೇಶನಗಳಿಗೆ ಮಳೆನೀರು ಕೊಯ್ಲು ಕಡ್ಡಾಯವಾಯಿತು. 30×40 ನಿವೇಶನದ ಸಾವಿರ ಚದರಡಿ ಚಾವಣಿಯ ಮೇಲೆ ವರ್ಷಕ್ಕೆ ಬೀಳುವ ಮಳೆಯಲ್ಲಿ 70,000 ಲೀಟರ್‌ನಷ್ಟನ್ನು ಹಿಡಿಯಬಹುದು. ಮೊದಲು ಅದನ್ನು ಸಂಪಿಗೆ ಬಿಡಿ, ಬಳಸಿ. ಉಳಿದದ್ದನ್ನು ಇಂಗುಬಾವಿಗೆ ಬಿಡಿ. ಮೂರು ಅಡಿ ಅಗಲ, ಇಪ್ಪತ್ತು ಮೂವತ್ತು ಅಡಿ ಆಳದ, ಸಿಮೆಂಟ್ ಉಂಗುರ ಇಳಿಸಿದ ಬಾವಿ ಇದು. ಬೆಂಗಳೂರಿನ ಸುತ್ತ ಮಣ್ಣುವಡ್ಡರ ಕುಟುಂಬಗಳು ತಲೆಮಾರುಗಳಿಂದ ಈ ಕೆಲಸ ಮಾಡುತ್ತ ಬಂದಿವೆ. ಅವರು ಮಣ್ಣನ್ನು ಕೈಯಲ್ಲಿ ಹಿಸುಕಿ ನೋಡಿ, ಇನ್ನೆಷ್ಟು ಅಡಿಗೆ ನೀರು ಹೀರುವ ಗರಸು ಸಿಗುತ್ತದೆ ಎಂದು ಹೇಳುವುದನ್ನು ನೋಡಬೇಕು. ನಮ್ಮ ಮಟ್ಟಿಗೆ ಊರಿನ ನೆಲವನ್ನು ಅತ್ಯಂತ ಚೆನ್ನಾಗಿ ಬಲ್ಲವರು ಅವರೇ. ಮಾದರಿಗಳನ್ನು ನೋಡಬೇಕಾದರೆ ಜಯನಗರ 5ನೇ ಬ್ಲಾಕಿನಲ್ಲಿ ಸರ್ ಎಂ. ವಿಶ್ವೇಶ್ವರಯ್ಯ ಮಳೆನೀರು ಕೊಯ್ಲು ಕೇಂದ್ರವಿದೆ.

ಕೊಳವೆಬಾವಿಯ ಬಾಯಿಗೇ ನೇರವಾಗಿ ನೀರು ಬಿಡುವ ಮಾತು ಬಂದರೆ ಹತ್ತು ಸಲ ಯೋಚಿಸಿ. ಸೋಸಿದ ಚಾವಣಿಯ ನೀರನ್ನು ಬಿಟ್ಟು ಬೇರೇನೂ ಅಲ್ಲಿಗೆ ಹೋಗಬಾರದು. ಅಂಗಳ ತೊಳೆದ ನೀರು, ರಸ್ತೆಯ ನೀರು ಒಮ್ಮೆ ಬಿರುಕಿಗೆ ಇಳಿದರೆ ಅದನ್ನು ತೊಳೆದು ಹೊರಹಾಕುವ ಉಪಾಯ ಯಾರ ಬಳಿಯೂ ಇಲ್ಲ, ಮತ್ತು ಅದೇ ಬಿರುಕಿನ ಇನ್ನೊಂದು ತುದಿ ಪಕ್ಕದ ಮನೆಯ ಬಾವಿಯಲ್ಲಿರಬಹುದು.

ನಮ್ಮ ಅಪಾರ್ಟ್‌ಮೆಂಟಿನಲ್ಲಿ ಮೂರು ಬೋರ್ ಇವೆ. ನಾಲ್ಕನೆಯದು ಕೊರೆಸೋಣವೇ?

ಮೂರೂ ಒಂದೇ ಬಿರುಕಿನ ಜಾಲದಿಂದ ಎತ್ತುತ್ತಿದ್ದರೆ ನಾಲ್ಕನೆಯದು ಹೊಸ ನೀರನ್ನು ತರುವುದಿಲ್ಲ, ಇರುವುದನ್ನೇ ನಾಲ್ಕು ಪಾಲು ಮಾಡುತ್ತದೆ. ಪರೀಕ್ಷಿಸುವುದು ಸುಲಭ: ಒಂದನ್ನು ನಾಲ್ಕು ಗಂಟೆ ಓಡಿಸಿ, ಉಳಿದ ಎರಡರಲ್ಲಿ ಪಂಪ್ ನಿಲ್ಲಿಸಿ ನೀರಿನ ಮಟ್ಟ ಅಳೆಯಿರಿ. ಅವುಗಳಲ್ಲೂ ಮಟ್ಟ ಇಳಿದರೆ ಉತ್ತರ ಸಿಕ್ಕಂತೆ. ಆಗ ಆ ಹಣವನ್ನು ಪ್ರತಿ ಮನೆಗೂ ನೀರಿನ ಮೀಟರ್ ಹಾಕಿಸಲು ಮತ್ತು ಕೊಳಚೆ ಶುದ್ಧೀಕರಣ ಘಟಕದ ನೀರನ್ನು ಶೌಚಾಲಯಕ್ಕೆ, ತೋಟಕ್ಕೆ ಹಾಯಿಸುವ ಕೊಳವೆಗೆ ಬಳಸಿ. ಸಂಘದ ಸಭೆಯಲ್ಲಿ ಈ ಪರೀಕ್ಷೆಯ ಅಂಕಿಗಳನ್ನೇ ಮೊದಲು ಓದಿ, ಆಮೇಲೆ ಚರ್ಚೆ ಶುರುಮಾಡಿ.